80 ದಾಟಿದರೆ ಸ್ಟೀರಿಂಗ್ ನಡುಗುತ್ತದೆ, ಅಲೈನ್‌ಮೆಂಟ್ ಮಾಡಿಸಿದರೂ ಹೋಗಿಲ್ಲ. ಏನು ಮಾಡಲಿ?

ಉಡುಪಿಯಿಂದ ಮಂಗಳೂರಿಗೆ ಹೋಗುವಾಗ ಹೈವೇಯಲ್ಲಿ ಗಂಟೆಗೆ 80 ಕಿ.ಮೀ. ದಾಟಿದ ಕೂಡಲೇ ಸ್ಟೀರಿಂಗ್ ನಡುಗುತ್ತದೆ, 60ಕ್ಕೆ ಇಳಿಸಿದರೆ ನಿಲ್ಲುತ್ತದೆ ಅಂತ ಬರೆದಿದ್ದೀರಿ. ಅಲೈನ್‌ಮೆಂಟ್ ಮಾಡಿಸಿದ್ದೂ ಆಯ್ತು. ಈಗ ಗ್ಯಾರೇಜಿನವರು ಸಸ್ಪೆನ್ಷನ್ ಪೂರ್ತಿ ಬದಲಿಸಬೇಕು ಅಂತಿದ್ದಾರೆ. ಸ್ವಲ್ಪ ತಡೆಯಿರಿ ಮಾರಾಯ್ರೇ. ನಾನು ಉಡುಪಿಯ ಟಯರ್ ಅಂಗಡಿಯೊಂದರಲ್ಲಿ ಬ್ಯಾಲೆನ್ಸಿಂಗ್ ಮೆಷಿನ್ ನೋಡಿಕೊಳ್ಳುವವನು. ನೀವು ಹೇಳಿದ ಲಕ್ಷಣಕ್ಕೆ ಮೊದಲು ಚಕ್ರ ಬಿಚ್ಚಿ ನೋಡಬೇಕು. ಸಸ್ಪೆನ್ಷನ್ ಮಾತು ಆಮೇಲೆ.

ಅಲೈನ್‌ಮೆಂಟ್ ಅಂದರೆ ಚಕ್ರಗಳು ನಿಲ್ಲುವ ಕೋನ ಸರಿಮಾಡುವುದು. ಅದು ತಪ್ಪಿದ್ದರೆ ಗಾಡಿ ಒಂದು ಬದಿಗೆ ಎಳೆಯುತ್ತದೆ, ಟಯರಿನ ಒಂದು ಅಂಚು ಬೇಗ ಸವೆಯುತ್ತದೆ. ನಡುಕಕ್ಕೆ ಅದು ಮದ್ದಲ್ಲ. ನಿಮಗೆ ಬೇಕಿದ್ದದ್ದು ಬ್ಯಾಲೆನ್ಸಿಂಗ್, ಅಂದರೆ ಚಕ್ರವನ್ನು ಮೆಷಿನ್‌ನಲ್ಲಿ ತಿರುಗಿಸಿ, ರಿಮ್ಮಿಗೆ ಸಣ್ಣ ತೂಕ ಹಾಕಿ ಸುತ್ತಲೂ ಭಾರ ಸಮ ಮಾಡುವುದು. ಚಕ್ರದ ಒಂದು ಕಡೆ ಸ್ವಲ್ಪ ತೂಕ ಹೆಚ್ಚಿದ್ದರೂ ತಿರುಗುವಾಗ ಅದು ಹೊರಕ್ಕೆ ಜಗ್ಗುತ್ತದೆ. ವೇಗ ಎರಡು ಪಟ್ಟಾದರೆ ಈ ಜಗ್ಗಾಟ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಉಡುಪಿ ಪೇಟೆಯ ಕಲ್ಸಂಕದ ಟ್ರಾಫಿಕ್‌ನಲ್ಲಿ ಏನೂ ಗೊತ್ತಾಗುವುದಿಲ್ಲ, ಹೈವೇಗೆ ಬಂದರೆ ಕೈಗೆ ಬಡಿಯುತ್ತದೆ. ನಡುಕ ಸ್ಟೀರಿಂಗ್‌ನಲ್ಲಿದ್ದರೆ ಹೆಚ್ಚಾಗಿ ಮುಂದಿನ ಚಕ್ರ, ಸೀಟಿನ ಅಡಿಯಲ್ಲಿ ಬಂದರೆ ಹಿಂದಿನದು.

ಬ್ಯಾಲೆನ್ಸಿಂಗ್ ಮಾಡಿಸುವಾಗ ಪಕ್ಕದಲ್ಲೇ ನಿಲ್ಲಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮೊದಲು ರಿಮ್ಮಿನ ಒಳಬದಿ ತೊಳೆಸಿ. ನಮ್ಮ ಕಡೆ ಮಳೆಗಾಲದಲ್ಲಿ ಕೆಂಪು ಮಣ್ಣು ಅಲ್ಲಿ ಮೆತ್ತಿಕೊಂಡು ಗಟ್ಟಿಯಾಗಿರುತ್ತದೆ. ಅದರ ಮೇಲೆಯೇ ಬ್ಯಾಲೆನ್ಸ್ ಮಾಡಿದರೆ, ನಾಳೆ ಮಣ್ಣು ಉದುರಿದಾಗ ಲೆಕ್ಕ ಮತ್ತೆ ತಪ್ಪುತ್ತದೆ. ಹಳೆಯ ತೂಕಗಳನ್ನೂ ತೆಗೆಸಿ. ಅಲಾಯ್ ರಿಮ್ಮಿಗೆ ಅಂಟಿಸಿದ ತೂಕ ಬಿದ್ದುಹೋಗಿದ್ದರೆ ಅಂಟಿನ ಗುರುತು ಮಾತ್ರ ಉಳಿದಿರುತ್ತದೆ. ಎಷ್ಟೋ ಸಲ ಕತೆ ಅಲ್ಲಿಗೇ ಮುಗಿಯುತ್ತದೆ. ಹೊಸ ತೂಕ ಹಾಕಿದ ಮೇಲೆ ಇನ್ನೊಮ್ಮೆ ತಿರುಗಿಸಿ, ಮೆಷಿನ್‌ನಲ್ಲಿ ಎರಡೂ ಬದಿ ಸೊನ್ನೆ ಬಂತಾ ನೋಡಿ. ರಶ್ ಇದ್ದಾಗ ಈ ಎರಡನೇ ಸುತ್ತನ್ನು ಹಾರಿಸಿಬಿಡುವವರು ಇದ್ದಾರೆ.

ಚಕ್ರ ತಿರುಗುತ್ತಿರುವಾಗ ರಿಮ್ಮಿನ ಅಂಚಿನ ಮೇಲೆ ಕಣ್ಣಿಡಿ. ಅಂಚು ಮೇಲೆ ಕೆಳಗೆ ಕುಣಿದರೆ, ಇಲ್ಲವೇ ಅಕ್ಕಪಕ್ಕ ಓಲಾಡಿದರೆ ರಿಮ್ ಬೆಂಡ್ ಆಗಿದೆ ಅಂತ ಅರ್ಥ. ಮಳೆಯಲ್ಲಿ ನೀರು ತುಂಬಿದ ಹೊಂಡಕ್ಕೆ ಇಳಿದಿದ್ದು ನೆನಪಿದೆಯಾ? ಬೆಂಡ್ ಆದ ರಿಮ್ಮಿಗೆ ತೂಕ ಹಾಕಿ ಮೆಷಿನ್‌ನಲ್ಲಿ ಸೊನ್ನೆ ತರಿಸಬಹುದು, ಆದರೆ ರಸ್ತೆಯಲ್ಲಿ ಅದು ಕುಣಿಯುತ್ತಲೇ ಇರುತ್ತದೆ. ಕಬ್ಬಿಣದ ರಿಮ್ ಆದರೆ ಬಡಿದು ಸರಿ ಮಾಡುತ್ತಾರೆ. ಅಲಾಯ್ ಸ್ವಲ್ಪ ಬೆಂಡ್ ಇದ್ದರೆ ಸರಿಯಾಗುತ್ತದೆ, ಬಿರುಕು ಬಿಟ್ಟಿದ್ದರೆ ಮಾತ್ರ ವೆಲ್ಡಿಂಗ್ ಗಿಲ್ಡಿಂಗ್ ಬೇಡ, ಬದಲಿಸಿ. ರಿಮ್ ನೆಟ್ಟಗಿದ್ದು ಟಯರ್ ಮಾತ್ರ ಕುಣಿದರೆ ಒಳಗಿನ ಪದರ ಬಿಟ್ಟಿರಬಹುದು. ಪಕ್ಕದಲ್ಲಿ ಗುಳ್ಳೆ ಎದ್ದಿದ್ದರೂ ಅಷ್ಟೇ. ಅಂಥ ಟಯರ್ ಹಾಕಿಕೊಂಡು ಹೈವೇಗೆ ಇಳಿಯಲೇಬೇಡಿ, ಅದು ಸಿಡಿಯುವ ಟಯರ್.

ಮೆಷಿನ್ ಇಲ್ಲದೆಯೂ ಒಂದು ಪರೀಕ್ಷೆ ಮಾಡಬಹುದು. ಎಡಗಡೆಯ ಚಕ್ರಗಳನ್ನು ಎಡಗಡೆಯಲ್ಲೇ, ಬಲಗಡೆಯವನ್ನು ಬಲಗಡೆಯಲ್ಲೇ ಹಿಂದೆ ಮುಂದೆ ಬದಲಿಸಿ. ಆಮೇಲೆ ಪಡುಬಿದ್ರಿ ತನಕ ಒಂದು ಸುತ್ತು ಹೋಗಿ ಬನ್ನಿ. ನಡುಕ ಸ್ಟೀರಿಂಗ್ ಬಿಟ್ಟು ಸೀಟಿಗೆ ಬಂದರೆ, ಈಗ ಹಿಂದೆ ಹೋಗಿರುವ ಎರಡರಲ್ಲಿ ಒಂದು ಕಳ್ಳ. ಏನೂ ಬದಲಾಗದಿದ್ದರೆ ಆಗ ಬೇರೆ ಕಡೆ ಹುಡುಕಬೇಕು.

ಬ್ರೇಕ್ ಒತ್ತಿದಾಗ ಮಾತ್ರ ನಡುಗುತ್ತದಾ ಅಂತ ನೀವು ಬರೆದಿಲ್ಲ. ಹಾಗಿದ್ದರೆ ಅನುಮಾನ ಮುಂದಿನ ಡಿಸ್ಕ್ ಮೇಲೆ, ಅಂದರೆ ಚಕ್ರದ ಜೊತೆ ತಿರುಗುವ, ಬ್ರೇಕ್ ಪ್ಯಾಡ್ ಒತ್ತಿ ಹಿಡಿಯುವ ತಟ್ಟೆಯ ಮೇಲೆ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವುಗಳನ್ನು ಗೇರ್ ಇಳಿಸದೆ ಬ್ರೇಕಿನಲ್ಲೇ ಇಳಿಯುವವರ ಗಾಡಿಗಳಿಗೆ ಇದು ಬರುತ್ತದೆ. ಕಾದ ಡಿಸ್ಕ್ ಮೇಲೆ ಪ್ಯಾಡಿನ ಪುಡಿ ಒಂದೊಂದು ಕಡೆ ಜಾಸ್ತಿ ಅಂಟಿ, ದಪ್ಪ ಸಮ ಇಲ್ಲದ ಹಾಗಾಗುತ್ತದೆ. ಕೂದಲೆಳೆಗಿಂತ ಕಡಿಮೆ ವ್ಯತ್ಯಾಸ ಸಾಕು, ಕೈಗೆ ಗೊತ್ತಾಗುತ್ತದೆ. ಮಲ್ಪೆ ಕಡೆಯ ಉಪ್ಪುಗಾಳಿಯಲ್ಲಿ ವಾರಗಟ್ಟಲೆ ನಿಂತ ಗಾಡಿಯ ಡಿಸ್ಕಿಗೂ ತುಕ್ಕು ಹಿಡಿಯುತ್ತದೆ. ಮೇಲಿನ ತುಕ್ಕು ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ, ಪ್ಯಾಡ್ ಕೂತಿದ್ದ ಜಾಗದ ಕಲೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಅಚ್ಚು ಹಾಕಿರುತ್ತಾರೆ. ಲೇತ್ ಮೆಷಿನ್‌ನಲ್ಲಿ ಹೆರೆದು ಸಮ ಮಾಡಿದ ಮೇಲೂ ಅದಕ್ಕಿಂತ ಹೆಚ್ಚು ಉಳಿಯುವುದಾದರೆ ಮಾತ್ರ ಲೇತ್, ಇಲ್ಲದಿದ್ದರೆ ಎರಡೂ ಬದಿಗೆ ಹೊಸದು. ಹಾಕುವ ಮೊದಲು ಡಿಸ್ಕ್ ಕೂರುವ ಹಬ್ಬಿನ ಮೇಲಿನ ತುಕ್ಕನ್ನು ಬ್ರಶ್‌ನಿಂದ ಉಜ್ಜಿಸಿ. ಅದು ಉಳಿದರೆ ಹೊಸ ಡಿಸ್ಕೂ ಓರೆಯಾಗಿ ಕೂರುತ್ತದೆ.

ಗಾಡಿ ನಿಂತಾಗ, ಎಸಿ ಹಾಕಿದರೆ ನಡುಗುವುದಾದರೆ ಅದು ಹೆಚ್ಚಾಗಿ ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ ಕೂರಿಸಿದ ರಬ್ಬರು. ನಿಮ್ಮದು ಅದಲ್ಲ, ಬಿಡಿ.

ಇನ್ನು ಸಸ್ಪೆನ್ಷನ್. ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಮುಂದಿನ ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿ. ಸಡಿಲ ಇದ್ದರೆ ಸ್ಟೀರಿಂಗ್‌ನಿಂದ ಚಕ್ರಕ್ಕೆ ಬರುವ ಸರಳಿನ ತುದಿ, ಅಂದರೆ ಟೈ ರಾಡ್ ಎಂಡ್ ನೋಡಬೇಕು. ಮೇಲೆ ಕೆಳಗೆ ಹಿಡಿದಾಗ ಸಡಿಲ ಇದ್ದರೆ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್‌ಗೆ ಸೇರಿಸುವ ಗುಂಡು ಕೀಲು) ಅಥವಾ ಚಕ್ರದ ಬೇರಿಂಗ್. ಕೀಲುಗಳಲ್ಲಿರುವ ರಬ್ಬರ್ ಬುಶ್‌ಗಳು ಸವೆದರೆ ಚಕ್ರದ ಸಣ್ಣ ನಡುಕವನ್ನು ದೊಡ್ಡದು ಮಾಡುತ್ತವೆ, ಆ ಮಾತು ನಿಜ. ಆದರೆ ಯಾವ ಪಾರ್ಟ್ ಹೋಗಿದೆ ಅಂತ ನಿಮ್ಮ ಕೈಯಲ್ಲೇ ಅಲ್ಲಾಡಿಸಿ ತೋರಿಸಲಿ. ಹೋದದ್ದನ್ನು ಬದಲಿಸಿ, ಪೂರ್ತಿ ಸೆಟ್ ಯಾಕೆ?

ಮೊನ್ನೆ ಮೊನ್ನೆ ಚಕ್ರ ಬಿಚ್ಚಿಸಿ ಹಾಕಿದ ಮೇಲೆ ಈ ನಡುಕ ಶುರುವಾಗಿದ್ದರೆ, ಇದೆಲ್ಲ ಓದುವ ಮೊದಲು ಹೋಗಿ ನಟ್ ಬಿಗಿ ಇದೆಯಾ ನೋಡಿ. ಹಿಂದೆ ಮುಂದೆ ಬದಲಿಸಿ ನೋಡಿದರೆ ಏನಾಯಿತು ಅಂತ ಇಲ್ಲೇ ಕೆಳಗೆ ಬರೆಯಿರಿ, ಯಾವ ಗಾಡಿ, ಟಯರ್ ಎಷ್ಟು ಓಡಿದೆ ಅನ್ನುವುದನ್ನೂ ಸೇರಿಸಿ.