ಮನೆಯಲ್ಲೇ ಎಂಜಿನ್ ಬಿಚ್ಚಿ ಜೋಡಿಸುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾರಿನ ಎಂಜಿನ್ನನ್ನು ತಾವೇ ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಮತ್ತೆ ಜೋಡಿಸಬೇಕೆಂಬ ಹವ್ಯಾಸಿಗಳು ಕಳುಹಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯ ಅಂಕಣವನ್ನು ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಹಳೆಯ ಪೆಟ್ರೋಲ್ ಕಾರು ಈಚೆಗೆ ವಿಪರೀತ ಆಯಿಲ್ ಕುಡಿಯುತ್ತಿದೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆ, ಏರಿನಲ್ಲಿ ಮೊದಲಿನ ಎಳೆತವಿಲ್ಲ. ಎಂಜಿನ್ ಇಳಿಸಿ ನಾನೇ ಓವರ್‌ಹಾಲ್ ಮಾಡಬೇಕೆಂದಿದ್ದೇನೆ. ಬಿಚ್ಚುವ ಮೊದಲು ಏನೇನು ನೋಡಬೇಕು?

ಉತ್ತರ: ಎಂಜಿನ್ ಓಡುತ್ತಿರುವಾಗ ಮಾತ್ರ ತಿಳಿಯುವ ಸಂಗತಿಗಳು ಹಲವಿವೆ, ಅವನ್ನೆಲ್ಲ ತಿಳಿದುಕೊಂಡ ಮೇಲೆಯೇ ಪಾನಾ ಕೈಗೆತ್ತಿಕೊಳ್ಳಿ. ಹೊಗೆ ಯಾವಾಗ ಬರುತ್ತದೆ ಎಂಬುದು ಮೊದಲ ಸುಳಿವು. ರಾತ್ರಿಯೆಲ್ಲ ನಿಂತಿದ್ದ ಕಾರನ್ನು ಚಾಲೂ ಮಾಡಿದಾಗ ಒಮ್ಮೆ ದಟ್ಟವಾಗಿ ಬಂದು ನಿಂತುಹೋದರೆ, ಅಥವಾ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಬಂದರೆ, ವಾಲ್ವಿನ ಕಡ್ಡಿಯ ಗುಂಟ ಆಯಿಲ್ ಇಳಿಯದಂತೆ ತಡೆಯುವ ವಾಲ್ವ್ ಸ್ಟೆಮ್ ಸೀಲುಗಳನ್ನು ಸಂಶಯಿಸಬೇಕು. ಅನೇಕ ಎಂಜಿನ್‌ಗಳಲ್ಲಿ ಈ ಸೀಲುಗಳನ್ನು ಎಂಜಿನ್ ಇಳಿಸದೆಯೇ ಬದಲಿಸಬಹುದು. ಭಾರ ಹೊತ್ತು ಎಳೆಯುವಾಗಲೆಲ್ಲ ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗುಗಳ ಕಡೆಗೆ ನೋಡಬೇಕಾಗುತ್ತದೆ. ಕ್ರ್ಯಾಂಕ್‌ಕೇಸಿನ ಗಾಳಿ ಹೊರಹೋಗುವ ಪಿಸಿವಿ ವಾಲ್ವ್ ಕಟ್ಟಿಕೊಂಡಿದ್ದರೂ ಎಂಜಿನ್ ಆಯಿಲ್ ಕುಡಿಯುತ್ತದೆಯಾದ್ದರಿಂದ, ಆ ಸಣ್ಣ ಭಾಗವನ್ನು ಮೊದಲು ಪರೀಕ್ಷಿಸಿ.

ಆಮೇಲೆ ಕಂಪ್ರೆಶನ್ ಪರೀಕ್ಷೆ ಮಾಡಿ, ಅಂದರೆ ಪ್ರತಿ ಸಿಲಿಂಡರಿನಲ್ಲಿ ಪಿಸ್ಟನ್ ಎಷ್ಟು ಒತ್ತಡ ಉಂಟುಮಾಡುತ್ತದೆ ಎಂದು ಗೇಜಿನಿಂದ ಅಳೆಯಿರಿ. ಎಂಜಿನ್ ಬಿಸಿಯಾಗಿರಬೇಕು, ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನೂ ತೆಗೆದಿರಬೇಕು, ಇಂಧನವನ್ನೂ ಇಗ್ನಿಷನ್ನನ್ನೂ ತಡೆದಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಬ್ಯಾಟರಿ ತುಂಬಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಬರುವ ಅಂಕಿ ನಂಬಲರ್ಹವಲ್ಲ. ಸುಸ್ಥಿತಿಯ ಪೆಟ್ರೋಲ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ 10ರಿಂದ 13 ಬಾರ್ ಒತ್ತಡ ಕಾಣುತ್ತದೆ. ಅದಕ್ಕಿಂತಲೂ ಸಿಲಿಂಡರ್ ಸಿಲಿಂಡರ್ ನಡುವಿನ ವ್ಯತ್ಯಾಸವೇ ಹೆಚ್ಚು ಮಾತನಾಡುತ್ತದೆ: ಶೇ 10–15ಕ್ಕಿಂತ ಹೆಚ್ಚು ಅಂತರವಿದ್ದರೆ ಕಡಿಮೆ ಇರುವ ಸಿಲಿಂಡರಿಗೆ ಒಂದು ಟೀ ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಚೆನ್ನಾಗಿ ಏರಿದರೆ ರಿಂಗು ಅಥವಾ ಸಿಲಿಂಡರ್ ಸವೆದಿದೆ. ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್ (ವಾಲ್ವ್‌ಗಳಿರುವ ಮೇಲಿನ ಹೆಡ್ಡಿಗೂ ಸಿಲಿಂಡರುಗಳಿರುವ ಬ್ಲಾಕಿಗೂ ನಡುವಿನ ಹಾಳೆ) ಸೋರುತ್ತಿದೆ. ಲೀಕ್‌ಡೌನ್ ಪರೀಕ್ಷೆಯ ಸಲಕರಣೆ ಸಿಕ್ಕರೆ ಇನ್ನೂ ಒಳ್ಳೆಯದು. ಪಿಸ್ಟನ್ ಮೇಲ್ತುದಿಗೆ ಬಂದು ಎರಡೂ ವಾಲ್ವ್‌ಗಳು ಮುಚ್ಚಿರುವಾಗ ಸಿಲಿಂಡರಿಗೆ ಗಾಳಿ ತುಂಬಿಸಿ ಕಿವಿಗೊಟ್ಟರೆ, ಆಯಿಲ್ ಹಾಕುವ ಬಾಯಿಯಿಂದ ಸದ್ದು ಬಂದಲ್ಲಿ ರಿಂಗು, ಸೈಲೆನ್ಸರ್ ಕಡೆಯಿಂದ ಬಂದಲ್ಲಿ ಎಕ್ಸಾಸ್ಟ್ ವಾಲ್ವ್, ಗಾಳಿ ಒಳಬರುವ ದಾರಿಯಲ್ಲಿ ಕೇಳಿಸಿದಲ್ಲಿ ಇನ್‌ಟೇಕ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದಲ್ಲಿ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು ಎಂದು ದೋಷದ ಜಾಗವೇ ತಿಳಿಯುತ್ತದೆ. ದೋಷ ಹೆಡ್ಡಿನಲ್ಲಿ ಮಾತ್ರ ಇದ್ದು, ಎಂಜಿನ್ ಬಿಸಿಯಾದ ಮೇಲೂ ಆಯಿಲ್ ಒತ್ತಡ ಸರಿಯಾಗಿದ್ದರೆ, ಬ್ಲಾಕನ್ನು ಮುಟ್ಟಬೇಡಿ ಎಂಬುದೇ ನಮ್ಮ ಸಲಹೆ.

ಪ್ರಶ್ನೆ: ನಾನು ಒಬ್ಬನೇ ಕೆಲಸ ಮಾಡುವವನು. ಎಂಜಿನ್ ಇಳಿಸುವಾಗ ಯಾವ ಎಚ್ಚರಿಕೆ ಬೇಕು?

ಉತ್ತರ: ಎಂಜಿನ್ ಎತ್ತುವ ಆ ಹೊತ್ತಿಗಾದರೂ ಇನ್ನೊಬ್ಬರು ಜೊತೆಗಿರಲಿ. ಸಣ್ಣ ಕಾರಿನ ಎಂಜಿನ್ ಕೂಡ ನೂರು ಕಿಲೋ ಆಸುಪಾಸು ತೂಗುತ್ತದೆ. ಗೇರ್‌ಬಾಕ್ಸ್ ಸೇರಿದರೆ ಇನ್ನೂ ಹೆಚ್ಚು. ಆ ತೂಕಕ್ಕೆಂದೇ ಮಾಡಿದ ಹಾಯ್ಸ್ಟ್ ಬಳಸಿ. ತೂಗಾಡುತ್ತಿರುವ ಎಂಜಿನ್ ಕೆಳಗೆ ಕೈಯನ್ನೂ ಚಾಚಬೇಡಿ. ಕಾರಿನ ಕೆಳಗೆ ಹೋಗುವಾಗ ಬರೀ ಜ್ಯಾಕ್ ನಂಬದೆ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕಾರನ್ನು ನಿಲ್ಲಿಸಿ. ಮೊದಲು ಇಂಧನದ ಪೈಪಿನಲ್ಲಿ ಉಳಿದಿರುವ ಒತ್ತಡವನ್ನು ನಿಮ್ಮ ಕಾರಿನ ರಿಪೇರಿ ಮ್ಯಾನುಯಲ್ ಹೇಳಿದಂತೆ ಇಳಿಸಿ, ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಡಿಸಿಡಿ. ಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸ ಅನೇಕರಿಗಿದೆ. ಅದರ ಆವಿ ನೆಲಮಟ್ಟದಲ್ಲೇ ಹರಡಿ ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆಯಾದ್ದರಿಂದ ಅದನ್ನು ಖಂಡಿತ ಮಾಡಬಾರದು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು ವಿಷಕಾರಿಯಾಗಿರುವುದರಿಂದ, ಬಸಿದ ಪಾತ್ರೆಯನ್ನು ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಸಿಗದಂತೆ ಮುಚ್ಚಿಡಿ. ಬಳಸಿದ ಎಂಜಿನ್ ಆಯಿಲ್ ಪದೇ ಪದೇ ಚರ್ಮಕ್ಕೆ ತಾಗುತ್ತಿದ್ದರೆ ಕ್ಯಾನ್ಸರಿಗೂ ಕಾರಣವಾಗಬಲ್ಲದು, ಕೈಗವಸು ಹಾಕಿಕೊಳ್ಳಿ.

ಪ್ರಶ್ನೆ: ಬಿಚ್ಚುವುದು ಸುಲಭ, ಜೋಡಿಸುವಾಗ ಎಲ್ಲವೂ ಗೊಂದಲವಾಗುತ್ತದೆ ಎನ್ನುತ್ತಾರೆ. ಭಾಗಗಳನ್ನು ಹೇಗೆ ಕ್ರಮವಾಗಿ ಇಟ್ಟುಕೊಳ್ಳಬೇಕು?

ಉತ್ತರ: ಪ್ರತಿ ಹಂತದಲ್ಲೂ ಫೋಟೋ ತೆಗೆಯುವುದು, ಬೋಲ್ಟುಗಳನ್ನು ಬೇರೆ ಬೇರೆ ಚೀಲಗಳಲ್ಲಿ ಹಾಕಿ ಹೆಸರು ಬರೆಯುವುದು ನಿಮಗೆ ಗೊತ್ತೇ ಇರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಜೊತೆ ಬಿಡಿಸಬಾರದ ಭಾಗಗಳು ಯಾವುವು ಎಂಬ ತಿಳಿವಳಿಕೆ. ಕ್ರ್ಯಾಂಕ್‌ಶಾಫ್ಟನ್ನು ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪ್‌ಗಳನ್ನು ಬ್ಲಾಕಿಗೆ ಬಿಗಿದಿಟ್ಟೇ ಅವುಗಳ ರಂಧ್ರವನ್ನು ಕೊರೆದಿರುತ್ತಾರೆ. ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ಕ್ಯಾಪ್‌ಗಳೂ ಹಾಗೆಯೇ. ಒಂದರ ಕ್ಯಾಪ್ ಇನ್ನೊಂದಕ್ಕೆ ಹೋದರೆ, ಅಥವಾ ಅದೇ ಕ್ಯಾಪ್ ತಿರುಗುಮುರುಗಾದರೆ, ರಂಧ್ರದ ದುಂಡುತನ ಕೆಟ್ಟು ಬೇರಿಂಗ್ ಕಚ್ಚಿಕೊಳ್ಳುತ್ತದೆ. ಆದ್ದರಿಂದ ತೆಗೆಯುವ ಮೊದಲೇ ಸಿಲಿಂಡರಿನ ಸಂಖ್ಯೆಯನ್ನೂ ಮುಂದಿನ ದಿಕ್ಕನ್ನೂ ಪೇಂಟ್ ಪೆನ್ನಿನಿಂದ ಗುರುತು ಮಾಡಿ. ಈಚಿನ ಅನೇಕ ಎಂಜಿನ್‌ಗಳಲ್ಲಿ ರಾಡನ್ನು ಮುರಿದೇ ಕ್ಯಾಪ್ ಬೇರ್ಪಡಿಸಿರುವುದರಿಂದ, ಆ ಒರಟು ಮುಖಗಳು ತಮ್ಮ ಜೋಡಿಗೆ ಮಾತ್ರ ಕೂರುತ್ತವೆ; ಅಲ್ಲಿ ಪಂಚ್ ಹೊಡೆಯಬೇಡಿ, ಆ ಮುಖಗಳನ್ನು ಉಜ್ಜಬೇಡಿ. ವಾಲ್ವ್‌ಗಳು, ಅವನ್ನು ತೆರೆಯಲು ತಳ್ಳುವ ಟ್ಯಾಪೆಟ್‌ಗಳು, ಪುಶ್‌ರಾಡ್‌ಗಳು ತಮ್ಮ ತಮ್ಮ ಜಾಗದಲ್ಲಿ ಸವೆದು ಹೊಂದಿಕೊಂಡಿರುತ್ತವೆ. ಒಂದು ರಟ್ಟಿಗೆ ತೂತು ಮಾಡಿ ಕ್ರಮವಾಗಿ ಸಿಕ್ಕಿಸಿಟ್ಟರೆ ಸಾಕು.

ಹೆಡ್ ಬೋಲ್ಟುಗಳನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಹೊರಗಿನಿಂದ ನಡುವಿನ ಕಡೆಗೆ, ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಹಾಗಲ್ಲದಿದ್ದರೆ ಅಲ್ಯೂಮಿನಿಯಂ ಹೆಡ್ ಬಾಗುವ ಅಪಾಯವಿದೆ. ಪಿಸ್ಟನ್ನುಗಳನ್ನು ಮೇಲಕ್ಕೆ ತಳ್ಳುವ ಮುನ್ನ ಸಿಲಿಂಡರಿನ ಬಾಯಿಯ ಬಳಿ ಉಗುರಿಗೆ ತಗಲುವಂಥ ದಂಡೆ ಇದೆಯೇ ಎಂದು ನೋಡಿ. ಮಸಿಯಾದರೆ ಕೆರೆದು ತೆಗೆಯಬಹುದು; ಲೋಹವೇ ದಂಡೆಯಾಗಿ ಉಳಿದಿದ್ದರೆ ಅದಕ್ಕೆಂದೇ ಇರುವ ರೀಮರಿನಿಂದ ತೆಗೆಯದೆ ತಳ್ಳಿದರೆ ಪಿಸ್ಟನ್ನಿನ ರಿಂಗಿನ ಅಂಚು ಒಡೆಯುತ್ತದೆ. ರಾಡಿನ ಬೋಲ್ಟುಗಳಿಗೆ ರಬ್ಬರ್ ಪೈಪಿನ ತುಂಡು ತೊಡಿಸಿದರೆ ಹೊರತೆಗೆಯುವಾಗ ಕ್ರ್ಯಾಂಕ್‌ಶಾಫ್ಟಿನ ನುಣುಪು ಮೈಗೆ ಗೀರು ಬೀಳುವುದಿಲ್ಲ.

ಪ್ರಶ್ನೆ: ರಿಂಗು, ಬೇರಿಂಗು, ಗ್ಯಾಸ್ಕೆಟ್ ಎಲ್ಲ ಸೇರಿದ ಕಿಟ್ ತರಿಸಬೇಕೆಂದಿದ್ದೇನೆ. ಯಾವ ಕೆಲಸ ಮನೆಯಲ್ಲಿ ಸಾಧ್ಯ, ಯಾವುದನ್ನು ರೀಬೋರ್ ಮಾಡುವ (ಸವೆದ ಸಿಲಿಂಡರನ್ನು ತುಸು ಅಗಲಕ್ಕೆ ಕೊರೆಯುವ) ವರ್ಕ್‌ಶಾಪಿಗೆ ಕೊಡಬೇಕು?

ಉತ್ತರ: ಅಳತೆ ಮಾಡುವವರೆಗೆ ಏನನ್ನೂ ತರಿಸಬೇಡಿ. ಯಾವ ಗಾತ್ರದ ರಿಂಗು, ಯಾವ ಗಾತ್ರದ ಬೇರಿಂಗು ಬೇಕೆಂಬುದನ್ನು ಸವೆತವೇ ನಿರ್ಧರಿಸುತ್ತದೆ. ಎಂಜಿನ್ ಕೆಲಸದಲ್ಲಿ ಕೈಬಲಕ್ಕಿಂತ ಮೈಕ್ರೋಮೀಟರಿಗೆ ಹೆಚ್ಚು ಬೆಲೆ ಎಂಬುದನ್ನು ನಾವು ಮತ್ತೆ ಮತ್ತೆ ಒತ್ತಿ ಹೇಳುತ್ತೇವೆ, ಏಕೆಂದರೆ ಇಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಿನ ಅಂತರ ಒಂದು ಮಿಲಿಮೀಟರಿನ ನೂರನೆಯ ಕೆಲವು ಪಾಲುಗಳಷ್ಟೇ. ಕಣ್ಣಿಗಾಗಲಿ ಬೆರಳಿಗಾಗಲಿ ಅದು ತಿಳಿಯುವುದಿಲ್ಲ.

ಸಿಲಿಂಡರನ್ನು ಡಯಲ್ ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ಕ್ರ್ಯಾಂಕ್‌ಶಾಫ್ಟಿನ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆಯಿರಿ. ಮೇಲಿನ ರಿಂಗು ಬಂದು ನಿಲ್ಲುವ ಜಾಗದ ಬಳಿ, ಪಿಸ್ಟನ್ ಪಕ್ಕಕ್ಕೆ ಒತ್ತುವ ಅಡ್ಡ ದಿಕ್ಕಿನಲ್ಲಿ ಸವೆತ ಅತಿ ಹೆಚ್ಚಾಗಿರುತ್ತದೆ. ಆಯಿಲ್ ಅಲ್ಲಿಗೆ ಕಡಿಮೆ ತಲಪುತ್ತದೆ, ಬಿಸಿಯೂ ಒತ್ತಡವೂ ಅಲ್ಲೇ ಹೆಚ್ಚು. ಬಂದ ಅಂಕಿಗಳನ್ನು ಮ್ಯಾನುಯಲ್ಲಿನ ಮಿತಿಗೆ ಹೋಲಿಸಿ. ಮಿತಿಯೊಳಗಿದ್ದರೆ ಹೊಸ ರಿಂಗು ಹಾಕಬಹುದು. ಮೀರಿದ್ದರೆ ರೀಬೋರ್ ಮಾಡಿಸಿ 0.25 ಅಥವಾ 0.50 ಮಿ.ಮೀ. ದೊಡ್ಡ ಪಿಸ್ಟನ್ ಹಾಕಬೇಕಾಗುತ್ತದೆ. ಹಾಗಿದ್ದಲ್ಲಿ ಪಿಸ್ಟನ್ನುಗಳು ಕೈಗೆ ಬಂದ ಮೇಲೆಯೇ ಬ್ಲಾಕನ್ನು ಕೊಡಿ. ಬಲ್ಲ ಕೆಲಸಗಾರರು ಪ್ರತಿ ಸಿಲಿಂಡರನ್ನೂ ಅದರ ಪಿಸ್ಟನ್ನಿನ ನಿಜವಾದ ಅಳತೆ ನೋಡಿಯೇ ಮುಗಿಸುತ್ತಾರೆ.

ಕ್ರ್ಯಾಂಕ್‌ಶಾಫ್ಟಿನ ಜರ್ನಲ್‌ಗಳನ್ನು (ಬೇರಿಂಗಿನೊಳಗೆ ತಿರುಗುವ ನುಣುಪು ಭಾಗಗಳು) ಮೈಕ್ರೋಮೀಟರಿನಿಂದ ಎರಡು ದಿಕ್ಕಿನಲ್ಲಿ ಅಳೆಯಿರಿ. ಅವು ದುಂಡಗಿದ್ದು ಗೀರಿಲ್ಲದಿದ್ದರೆ ಪಾಲಿಷ್ ಸಾಕಾಗುತ್ತದೆ. ಇಲ್ಲದಿದ್ದರೆ ಗ್ರೈಂಡ್ ಮಾಡಿಸಿ ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಹಾಕಬೇಕು. ಜೋಡಿಸುವಾಗ ಪ್ಲಾಸ್ಟಿಗೇಜ್ ಎಂಬ ಮೃದುವಾದ ಎಳೆಯನ್ನು ಜರ್ನಲಿನ ಮೇಲಿಟ್ಟು, ಕ್ರ್ಯಾಂಕನ್ನು ಕಿಂಚಿತ್ತೂ ತಿರುಗಿಸದೆ ಕ್ಯಾಪ್ ಬಿಗಿದು ಬಿಚ್ಚಿ, ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಎಂಬುದನ್ನು ಅದರ ಜೊತೆ ಬರುವ ಅಳತೆಪಟ್ಟಿಯಲ್ಲಿ ನೋಡಿದರೆ ಆಯಿಲ್ ನಿಲ್ಲುವ ಸಂದು ತಿಳಿಯುತ್ತದೆ. ಸುಮಾರು 50 ಮಿ.ಮೀ. ಜರ್ನಲಿಗೆ ಈ ಸಂದು ಬಹುಪಾಲು 0.025ರಿಂದ 0.06 ಮಿ.ಮೀ. ಒಳಗಿರುತ್ತದೆ, ನಿಮ್ಮ ಎಂಜಿನ್ನಿನ ಅಂಕಿಯನ್ನು ಮ್ಯಾನುಯಲ್ಲಿನಿಂದಲೇ ತೆಗೆದುಕೊಳ್ಳಿ.

ಹೀಗೆ ರೀಬೋರ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಮುಖ ಸಮಗೊಳಿಸುವುದು, ವಾಲ್ವ್ ಸೀಟು ಕತ್ತರಿಸುವುದು, ಬಿರುಕು ಪರೀಕ್ಷೆ ಇವೆಲ್ಲ ವರ್ಕ್‌ಶಾಪಿನ ಕೆಲಸ. ಬಿಚ್ಚುವುದು, ಅಳೆಯುವುದು, ತೊಳೆಯುವುದು, ಜೋಡಿಸುವುದು ನಿಮ್ಮದು. ಇವುಗಳಲ್ಲಿ ತೊಳೆಯುವುದನ್ನೇ ಹವ್ಯಾಸಿಗಳು ಹಗುರವಾಗಿ ಕಾಣುತ್ತಾರೆ. ಹೋನಿಂಗ್, ಅಂದರೆ ಸಿಲಿಂಡರಿನ ಒಳಮೈಯನ್ನು ಕಲ್ಲಿನಿಂದ ಉಜ್ಜುವ ಕೆಲಸ, ಆದ ಮೇಲೆ ಸಿಲಿಂಡರಿನ ಗೀರುಗಳಲ್ಲಿ ಕೂತಿರುವ ಕಲ್ಲಿನ ಪುಡಿ ಸೀಮೆಎಣ್ಣೆಯಂಥ ದ್ರಾವಕಗಳಿಗೆ ಪೂರ್ತಿ ಬಿಡುವುದಿಲ್ಲ; ಬಿಸಿನೀರು, ಸಾಬೂನು, ಬ್ರಷ್ ಬೇಕು. ಆಯಿಲ್ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬೂದು ಬಣ್ಣ ಕಾಣುವುದು ನಿಲ್ಲುವವರೆಗೆ ತೊಳೆದು, ಕೂಡಲೇ ಒಣಗಿಸಿ ಆಯಿಲ್ ಸವರಿ. ಬ್ಲಾಕಿನ ಆಯಿಲ್ ದಾರಿಗಳ ತುದಿಯ ಪ್ಲಗ್‌ಗಳನ್ನು ತೆಗೆಸಿ, ಉದ್ದ ಬ್ರಷ್ ತೂರಿಸಿ ಶುಚಿಗೊಳಿಸದಿದ್ದರೆ ಅಲ್ಲಿ ಉಳಿದ ಪುಡಿ ನೇರವಾಗಿ ಹೊಸ ಬೇರಿಂಗಿಗೇ ಹೋಗುತ್ತದೆ.

ಪ್ರಶ್ನೆ: ಹೊಸ ರಿಂಗುಗಳನ್ನು ಪೊಟ್ಟಣದಿಂದ ತೆಗೆದು ಹಾಗೆಯೇ ಹಾಕಬಹುದೇ?

ಉತ್ತರ: ಹಾಕಬಾರದು. ಪ್ರತಿ ರಿಂಗನ್ನೂ ಅದು ಓಡಬೇಕಾದ ಸಿಲಿಂಡರಿನೊಳಗಿಟ್ಟು, ತಲೆಕೆಳಗಾದ ಪಿಸ್ಟನ್ನಿನಿಂದ ತಳ್ಳಿ ನೇರವಾಗಿ ಕೂರಿಸಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಸಾಧಾರಣ ಎಂಜಿನ್‌ನಲ್ಲಿ 80 ಮಿ.ಮೀ. ಸಿಲಿಂಡರಿಗೆ ಮೇಲಿನ ರಿಂಗಿನ ಸಂದು ಸುಮಾರು 0.3 ಮಿ.ಮೀ. ಇರುತ್ತದೆ. ಸಂದು ಕಡಿಮೆಯಾದರೆ ಬಿಸಿಗೆ ಹಿಗ್ಗಿದ ತುದಿಗಳು ಒಂದಕ್ಕೊಂದು ತಗುಲಿ ಸಿಲಿಂಡರನ್ನೇ ಗೀರುತ್ತವೆ. ಸ್ವಲ್ಪ ಹೆಚ್ಚಾದರೆ ಅಷ್ಟು ಅಪಾಯವಿಲ್ಲ. ಗುರುತಿರುವ ಮುಖ ಮೇಲಿರಲಿ, ಒಂದರ ಸಂದು ಇನ್ನೊಂದರ ನೇರಕ್ಕೆ ಬರದಿರಲಿ. ನಿಕಲ್–ಸಿಲಿಕಾನ್ ಕಾರ್ಬೈಡ್ ಲೇಪನದ ಸಿಲಿಂಡರುಗಳನ್ನು ಸಾಮಾನ್ಯ ಹೋನಿಂಗ್ ಕಲ್ಲಿನಿಂದ ಉಜ್ಜಿದರೆ ಲೇಪನವೇ ಹಾಳಾಗುತ್ತದೆಯಾದ್ದರಿಂದ, ನಿಮ್ಮ ಸಿಲಿಂಡರ್ ಯಾವ ಬಗೆಯದೆಂದು ಮೊದಲೇ ತಿಳಿದುಕೊಳ್ಳಿ.

ಪ್ರಶ್ನೆ: ಅನುಭವಿ ಮೆಕ್ಯಾನಿಕ್‌ಗಳು ಕೈಯ ಅಂದಾಜಿನಲ್ಲೇ ಬೋಲ್ಟ್ ಬಿಗಿಯುತ್ತಾರಲ್ಲವೇ? ತಿರುಚುಬಲವನ್ನು ಅಳೆದು ಬಿಗಿಯುವ ಟಾರ್ಕ್ ವ್ರೆಂಚ್ ಅಷ್ಟು ಅಗತ್ಯವೇ?

ಉತ್ತರ: ಅಗತ್ಯ. ಬೋಲ್ಟಿಗೆ ನಾವು ಕೊಡುವ ತಿರುಚುಬಲದಲ್ಲಿ ಸುಮಾರು ಶೇ 90ರಷ್ಟು ಥ್ರೆಡ್‌ಗಳ ಮತ್ತು ತಲೆಯ ಕೆಳಗಿನ ಘರ್ಷಣೆಯನ್ನು ಮೀರುವುದರಲ್ಲೇ ಕಳೆದುಹೋಗುತ್ತದೆ. ಉಳಿದ ಸಣ್ಣ ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸಿ ಹೆಡ್ಡನ್ನು ಹಿಡಿದಿಡುತ್ತದೆ. ಆದ್ದರಿಂದ ತುಕ್ಕು, ಕೊಳೆ, ಆಯಿಲ್ ಇವುಗಳಿಂದ ಘರ್ಷಣೆ ತುಸು ಬದಲಾದರೂ ಹಿಡಿತ ಬಹಳ ಬದಲಾಗುತ್ತದೆ. ಥ್ರೆಡ್‌ಗಳನ್ನು ಶುಚಿಗೊಳಿಸಿ, ಆಯಿಲ್ ಹಚ್ಚಬೇಕೋ ಒಣದಾಗಿ ಹಾಕಬೇಕೋ ಎಂಬುದನ್ನು ಮ್ಯಾನುಯಲ್ಲಿನಲ್ಲಿ ನೋಡಿ, ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಬಿಗಿಯಿರಿ. ಬ್ಲಾಕಿನ ಬೋಲ್ಟ್ ರಂಧ್ರಗಳಲ್ಲಿ ಆಯಿಲೋ ನೀರೋ ನಿಂತಿದ್ದರೆ, ಅದಕ್ಕೆ ಹೋಗಲು ದಾರಿಯಿಲ್ಲದೆ ಬ್ಲಾಕೇ ಬಿರುಕು ಬಿಡಬಹುದು. ಕೊನೆಯಲ್ಲಿ ಇಷ್ಟು ಡಿಗ್ರಿ ತಿರುಗಿಸಿ ಎಂದು ಸೂಚನೆಯಿರುವ ಹೆಡ್ ಬೋಲ್ಟುಗಳು ಬಹುಮಟ್ಟಿಗೆ ಹಿಗ್ಗಿ ಉಳಿಯುವ ಬಗೆಯವು. ಅವನ್ನು ಮರುಬಳಕೆ ಮಾಡಬಹುದೆಂದು ಮ್ಯಾನುಯಲ್ ಸ್ಪಷ್ಟವಾಗಿ ಹೇಳದಿದ್ದರೆ ಹೊಸವನ್ನೇ ಹಾಕಿ.

ಪ್ರಶ್ನೆ: ಜೋಡಣೆ ಮುಗಿಯುತ್ತಾ ಬಂದಿದೆ. ಮೊದಲ ಸಲ ಚಾಲೂ ಮಾಡುವಾಗಲೂ ಆಮೇಲೂ ಏನು ಮಾಡಬೇಕು?

ಉತ್ತರ: ಟೈಮಿಂಗ್ ಗುರುತುಗಳನ್ನು ಕೂಡಿಸಿ ಬೆಲ್ಟ್ ಅಥವಾ ಚೈನ್ ಹಾಕಿದ ಮೇಲೆ, ಸ್ಟಾರ್ಟರ್ ಮುಟ್ಟದೆ, ಕ್ರ್ಯಾಂಕನ್ನು ಪಾನಾದಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಕ್ರ್ಯಾಂಕ್ ಎರಡು ಸುತ್ತು ಬಂದಾಗ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ (ಕ್ಯಾಮ್) ಒಂದು ಸುತ್ತು ಬರುತ್ತದೆ. ಆಗ ಗುರುತುಗಳು ಮತ್ತೆ ಕೂಡಬೇಕು. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ: ಪಿಸ್ಟನ್ ವಾಲ್ವಿಗೆ ತಾಗುತ್ತಿರಬಹುದು. ಬಳಿಕ ಆಯಿಲ್, ಕೂಲೆಂಟ್ ತುಂಬಿ, ಪ್ಲಗ್‌ಗಳನ್ನು ತೆಗೆದಿಟ್ಟು, ಇಂಧನ ಮತ್ತು ಇಗ್ನಿಷನ್ ತಡೆದು, ಆಯಿಲ್ ಒತ್ತಡದ ದೀಪ ಆರುವವರೆಗೆ ಸ್ಟಾರ್ಟರನ್ನು ನಡುನಡುವೆ ಬಿಡುವು ಕೊಟ್ಟು ತಿರುಗಿಸಿ. ದೀಪ ಆರದೆ ಎಂಜಿನ್ ಚಾಲೂ ಮಾಡಬಾರದು.

ಚಾಲೂ ಆದ ಎಂಜಿನ್ನನ್ನು ಬಹಳ ಹೊತ್ತು ಐಡಲ್‌ನಲ್ಲಿ ಬಿಡುವುದು ಅನೇಕರು ಒಳ್ಳೆಯದೆಂದು ಭಾವಿಸುವ ಕ್ರಮ. ಆದರೆ ರಿಂಗುಗಳು ಸಿಲಿಂಡರಿಗೆ ಹೊಂದಿಕೊಳ್ಳುವುದು ಅವುಗಳ ಹಿಂದೆ ಅನಿಲದ ಒತ್ತಡ ಬಿದ್ದಾಗ ಮಾತ್ರ, ಮತ್ತು ಆ ಒತ್ತಡ ಬರುವುದು ಎಂಜಿನ್ ಭಾರ ಎಳೆಯುವಾಗ. ಸೋರಿಕೆ, ಸದ್ದು, ತಾಪಮಾನ ನೋಡಿಕೊಂಡ ಬಳಿಕ ರಸ್ತೆಗಿಳಿಸಿ, ವೇಗವನ್ನು ಬದಲಿಸುತ್ತಾ, ಮಧ್ಯಮ ಭಾರ ಕೊಟ್ಟು, ನಡುವೆ ಆಕ್ಸಿಲರೇಟರ್ ಬಿಟ್ಟು ನಿಧಾನಿಸುತ್ತಾ ಓಡಿಸಿ. ಹಳೆಯ ಮಾದರಿಯ, ಚಪ್ಪಟೆ ಟ್ಯಾಪೆಟ್ ಇರುವ ಎಂಜಿನ್ನಿಗೆ ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ದರೆ, ಮೊದಲು 20ರಿಂದ 30 ನಿಮಿಷ ಸುಮಾರು 2000 ಆರ್‌ಪಿಎಂನಲ್ಲಿ ಓಡಿಸಬೇಕು. ಅಂಥ ಅನೇಕ ಎಂಜಿನ್‌ಗಳಲ್ಲಿ ಕ್ಯಾಮಿಗೆ ಆಯಿಲ್ ತಲಪುವುದು ಕ್ರ್ಯಾಂಕ್ ಎರಚುವುದರಿಂದ. ಐಡಲ್ ವೇಗದಲ್ಲಿ ಅದು ಸಾಲುವುದಿಲ್ಲ. ಮೊದಲ ಆಯಿಲನ್ನೂ ಫಿಲ್ಟರನ್ನೂ ಬೇಗನೆ ಬದಲಿಸಿ, ತೆಗೆದ ಫಿಲ್ಟರನ್ನು ಕತ್ತರಿಸಿ ಅದರ ಮಡಿಕೆಗಳನ್ನು ಬಿಡಿಸಿ ನೋಡಿ. ನವಿರಾದ ಬೂದು ಪುಡಿ ಕಂಡರೆ ಗಾಬರಿ ಬೇಡ. ಹೊಳೆಯುವ ಚೂರುಗಳು ಅಥವಾ ತಾಮ್ರದ ಬಣ್ಣ ಕಂಡರೆ ಬೇರಿಂಗು ಸವೆಯುತ್ತಿದೆ ಎಂದು ತಿಳಿದು, ಕಾರನ್ನು ಓಡಿಸದೆ ಆಯಿಲ್ ಪ್ಯಾನ್ ಇಳಿಸಿ.