ಪ್ರಾಣಿಗೆ ಸೇತುವೆಯ ದಾರಿ ತೋರಿಸುವವರು ಯಾರು?

ಪ್ರಶ್ನೆ: ಅಮೆರಿಕದ ಲಾಸ್ ಏಂಜಲೀಸ್ ಬಳಿ ಮಗಳ ಮನೆಗೆ ಹೋಗಿದ್ದಾಗ, ಹತ್ತು ಸಾಲುಗಳ ಹೆದ್ದಾರಿಯ ಮೇಲೆ ಕಾಡುಪ್ರಾಣಿಗಳಿಗೆಂದೇ ಸೇತುವೆ ಕಟ್ಟುತ್ತಿರುವುದನ್ನು ನೋಡಿದೆ. ಅದರ ಮೇಲೆಯೇ ಹೋಗಬೇಕೆಂದು ಪ್ರಾಣಿಗಳಿಗೆ ತಿಳಿಯುವುದು ಹೇಗೆ? ಬಂಡೀಪುರದಲ್ಲೂ ಇಂಥದೊಂದನ್ನು ಕಟ್ಟಿ ರಾತ್ರಿ ಸಂಚಾರದ ನಿಷೇಧವನ್ನು ತೆಗೆಯಬಾರದೇಕೆ?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ನೀವು ನೋಡಿದ್ದು ಅಗೌರಾ ಹಿಲ್ಸ್ ಎಂಬ ಊರಿನ ಬಳಿ 101ನೆಯ ಹೆದ್ದಾರಿಯ ಮೇಲೆ ಕಟ್ಟುತ್ತಿರುವ ವಾಲಿಸ್ ಆನೆನ್‌ಬರ್ಗ್ ಸೇತುವೆ ಇರಬೇಕು. ಅದರ ಕೆಲಸ ಆರಂಭವಾದದ್ದು 2022ರ ಏಪ್ರಿಲ್ 22ರಂದು. ಅಲ್ಲಿ ದಿನಕ್ಕೆ ಸುಮಾರು 3 ಲಕ್ಷ ವಾಹನಗಳು ಓಡುತ್ತವೆ. ಹೆದ್ದಾರಿಯ ದಕ್ಷಿಣಕ್ಕಿರುವ ಸಾಂಟಾ ಮೋನಿಕಾ ಬೆಟ್ಟಗಳ ಪ್ಯೂಮಾಗಳು, ಅಂದರೆ ಅಲ್ಲಿಯವರು ಮೌಂಟನ್ ಲಯನ್ ಎಂದು ಕರೆಯುವ ದೊಡ್ಡ ಬೆಕ್ಕುಗಳು, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಈ ರಸ್ತೆ ಎಂಬಂತೆ ಸಿಕ್ಕಿಕೊಂಡಿವೆ. ಹೊರಗಿನ ಗಂಡು ಒಳಗೆ ಬರುವುದು, ಒಳಗಿನ ಮರಿ ಬೆಳೆದು ಹೊರಗೆ ಹೋಗುವುದು ತೀರ ಅಪರೂಪವಾದ್ದರಿಂದ ರಕ್ತಸಂಬಂಧದಲ್ಲೇ ಸಂತಾನವಾಗಿ, ಬಾಲ ಸೊಟ್ಟಗಾದ ಮತ್ತು ವೀರ್ಯಾಣುಗಳಲ್ಲಿ ದೋಷವಿರುವ ಪ್ಯೂಮಾಗಳು ಕಾಣಿಸಿಕೊಂಡಿವೆ. ಆದ್ದರಿಂದ ಅಪಘಾತ ತಪ್ಪಿಸುವುದು ಈ ಸೇತುವೆಯ ಅರ್ಧ ಕೆಲಸ ಮಾತ್ರ; ಉಳಿದರ್ಧ, ಕಡಿದುಹೋದ ನಂಟನ್ನು ಮತ್ತೆ ಕೂಡಿಸುವುದು.

ಇನ್ನು ದಾರಿ ತೋರಿಸುವ ಮಾತು. ಆ ಕೆಲಸವನ್ನು ಮಾಡುವುದು ಸೇತುವೆಯಲ್ಲ, ಬೇಲಿ. ರಸ್ತೆಯ ಎರಡೂ ಬದಿಯಲ್ಲಿ ಕಿಲೋಮೀಟರುಗಟ್ಟಲೆ ಎತ್ತರದ ಬೇಲಿ ಹಾಕಿದರೆ, ದಾಟಲು ಬಂದ ಪ್ರಾಣಿ ಅದರ ಗುಂಟ ನಡೆಯುತ್ತ ನಡೆಯುತ್ತ ತೆರೆದ ಜಾಗಕ್ಕೆ ಬಂದು ಮುಟ್ಟುತ್ತದೆ. ಬೇಲಿಯಿಲ್ಲದ ಸೇತುವೆ ಎಷ್ಟೇ ಸೊಗಸಾಗಿದ್ದರೂ, ಪ್ರಾಣಿ ತನಗೆ ಅನುಕೂಲವಾದ ಕಡೆ ರಸ್ತೆಗೇ ಇಳಿಯುತ್ತದೆ. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ 6 ಮೇಲ್ದಾರಿಗಳನ್ನೂ 38 ಕೆಳದಾರಿಗಳನ್ನೂ ಬೇಲಿಯೊಂದಿಗೆ ಕಟ್ಟಿದ ಮೇಲೆ ಪ್ರಾಣಿಗಳಿಗೆ ವಾಹನ ಬಡಿಯುವ ಪ್ರಸಂಗಗಳು ಶೇ. 80ಕ್ಕೂ ಹೆಚ್ಚು ಕಡಿಮೆಯಾದವು. ಆದರೂ ಎಲ್ಲವೂ ಮೊದಲ ದಿನವೇ ಹತ್ತಿ ಇಳಿಯಲಿಲ್ಲ. ಎಲ್ಕ್ ಜಿಂಕೆಗಳು ಕಾಮಗಾರಿ ಮುಗಿಯುವ ಮುನ್ನವೇ ದಾಟತೊಡಗಿದರೆ, ಗ್ರಿಜ್ಲಿ ಕರಡಿಗಳು ಹೊಸ ದಾರಿಯನ್ನು ನಂಬಲು ಐದು ವರ್ಷಗಳವರೆಗೆ ತೆಗೆದುಕೊಂಡವು. ತಾಯಿಯೊಂದಿಗೆ ದಾಟಿದ ಮರಿಗೆ ಮುಂದೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪ್ರಾಣಿಗಳ ರುಚಿಯೂ ಒಂದೇ ಅಲ್ಲ. ಗ್ರಿಜ್ಲಿ ಮತ್ತು ಎಲ್ಕ್‌ಗಳಿಗೆ ಅಗಲವಾದ, ಬಯಲಿನಂತಿರುವ ಮೇಲ್ದಾರಿ ಬೇಕು. ಕಪ್ಪು ಕರಡಿಗೂ ಪ್ಯೂಮಾಕ್ಕೂ ಇಕ್ಕಟ್ಟಾದ ಕೆಳದಾರಿಯೇ ಹೆಚ್ಚು ಹಿತವೆಂದು ಬ್ಯಾನ್ಫ್‌ನಲ್ಲಿ ಕಂಡುಬಂದಿದೆ. ಹಾಗಿರುವಾಗ ಪ್ಯೂಮಾಕ್ಕೆಂದು ಮೇಲ್ಸೇತುವೆ ಏಕೆ ಎಂದು ನೀವು ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಅಗೌರಾದ ಸೇತುವೆ ಹಲ್ಲಿಯಿಂದ ಜಿಂಕೆಯವರೆಗೆ ಎಲ್ಲರಿಗೂ ಬೇಕಾದದ್ದು. ಅದಕ್ಕಾಗಿಯೇ ಮೇಲೆ ಮಣ್ಣು ಹರಡಿ, ಸುತ್ತಲಿನ ಬೆಟ್ಟಗಳಿಂದಲೇ ಬೀಜ ಆರಿಸಿ ತಂದು ಬೆಳೆಸಿದ ಸಸಿಗಳನ್ನು ನೆಡುವುದು, ವಾಹನಗಳ ಸದ್ದನ್ನೂ ಬೆಳಕನ್ನೂ ತಡೆಯಲು ಅಂಚಿನಲ್ಲಿ ಗೋಡೆ ಎಬ್ಬಿಸುವುದು ಆ ಯೋಜನೆಯ ಮುಖ್ಯ ಭಾಗಗಳಾಗಿವೆ.

ಭಾರತದಲ್ಲಿ ಇದರ ದೊಡ್ಡ ಉದಾಹರಣೆ ಮಹಾರಾಷ್ಟ್ರದ ಪೆಂಚ್ ಕಾಡಿನ ರಾಷ್ಟ್ರೀಯ ಹೆದ್ದಾರಿ 44. ಅಲ್ಲಿ ಸೇತುವೆಯ ಬದಲು ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿ, ಪ್ರಾಣಿಗಳಿಗೆ ಕೆಳಗಿನ ನೆಲವನ್ನು ಬಿಟ್ಟುಕೊಟ್ಟಿದ್ದಾರೆ. 16 ಕಿ.ಮೀ. ಅಂತರದಲ್ಲಿ ಇಂಥ 9 ದಾರಿಗಳಿದ್ದು, ಅತಿ ಉದ್ದನೆಯದು 750 ಮೀಟರ್. ಹುಲಿ ಸೇರಿದಂತೆ 18 ಬಗೆಯ ಪ್ರಾಣಿಗಳು ಅಲ್ಲಿ ಓಡಾಡಿದ್ದನ್ನು ಭಾರತೀಯ ವನ್ಯಜೀವಿ ಸಂಸ್ಥೆಯ ಕ್ಯಾಮೆರಾಗಳು ದಾಖಲಿಸಿವೆ.

ಬಂಡೀಪುರದ ವಿಷಯದಲ್ಲಿ ಮಾತ್ರ ನಿಮ್ಮ ಸಲಹೆಯನ್ನು ನಾನು ಒಪ್ಪಲಾರೆ. ಲಾಸ್ ಏಂಜಲೀಸ್‌ನ ಹೆದ್ದಾರಿಯನ್ನು ರಾತ್ರಿ ಮುಚ್ಚುವ ಯೋಚನೆಯನ್ನೂ ಯಾರೂ ಮಾಡಲಾರರು, ಆದ್ದರಿಂದ ಅಲ್ಲಿ ಸೇತುವೆ ಅನಿವಾರ್ಯ. ಇಲ್ಲಿ ರಾಷ್ಟ್ರೀಯ ಹೆದ್ದಾರಿ 766ರಲ್ಲಿ 2009ರಿಂದಲೇ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಬೀಳುತ್ತದೆ. ಆಂಬುಲೆನ್ಸ್‌ಗಳಿಗೂ ಕೆಲವೇ ಬಸ್ಸುಗಳಿಗೂ ವಿನಾಯಿತಿ ಇದೆ. ಒಂದು ಗೇಟು ಕಾಡಿನ ಉದ್ದಕ್ಕೂ ಕೊಡುವ ನಿಶ್ಶಬ್ದವನ್ನು ಯಾವ ಸೇತುವೆಯೂ ತಾನು ನಿಂತ ಜಾಗದ ಆಚೆಗೆ ಕೊಡಲಾರದು. ಅದೂ ಅಲ್ಲದೆ ಕಂಬ ನೆಡಲು ಮರ ಕಡಿಯಬೇಕು, ವರ್ಷಗಟ್ಟಲೆ ಯಂತ್ರಗಳು ಕಾಡಿನೊಳಗೆ ಓಡಾಡಬೇಕು, ಆಮೇಲೆ ರಸ್ತೆಗುಂಟ ಬೇಲಿಯನ್ನೂ ಎಳೆಯಬೇಕು. ಆನೆಯನ್ನು ತಡೆಯುವ ಬೇಲಿ ಎಂಥದು ಎಂಬುದನ್ನು ಗುಂಡ್ಲುಪೇಟೆಯ ರೈತರನ್ನು ಕೇಳಿದರೆ ಚೆನ್ನಾಗಿ ಹೇಳಿಯಾರು. ರಾತ್ರಿಯೇ ವಯನಾಡಿನ ಕಡೆಗೆ ಹೋಗಲೇಬೇಕಾದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಮಾನಂದವಾಡಿ ಸೇರುವ ರಸ್ತೆ ಇದೆ. ಸ್ವಲ್ಪ ಸುತ್ತು, ಮತ್ತು ಅದೂ ಕಾಡಂಚನ್ನು ಮುಟ್ಟಿಕೊಂಡೇ ಸಾಗುವುದರಿಂದ ವೇಗದ ಮೇಲೆ ಹಿಡಿತವಿರಲಿ.