ಬೆಳಿಗ್ಗೆ ತುಂಬುವ ಲೈನು ರಾತ್ರಿ ಏನು ಮಾಡುತ್ತೆ?

ಓದುಗರ ಪತ್ರ: ಬೆಂಗಳೂರಿನ ವರ್ತೂರು ಕಡೆಯ ನಮ್ಮ ಬಡಾವಣೆಯಲ್ಲಿ ಈಗ ನೂರು ಮನೆಗಳಾಗಿವೆ. ಕಾವೇರಿ ನೀರು ಬಂದ ಮೇಲೆ ಇಂಗುಗುಂಡಿಗಳು ಉಕ್ಕುತ್ತಿವೆ. ಹೊಸ ಯುಜಿಡಿಗೆ (ನೆಲದಡಿಯ ಕೊಳಚೆ ಲೈನಿಗೆ) ಇನ್ನೂ ಕಾಯಬೇಕಂತೆ. ಪಕ್ಕದ ರಸ್ತೆಯ ಹಳೇ ಲೈನಿನಲ್ಲಿ ಜಾಗವಿಲ್ಲ ಅಂತಾರೆ. ಅಲ್ಲಿವರೆಗೆ ಕೊಳಚೆಯನ್ನು ಮಳೆನೀರಿನ ರಾಜಕಾಲುವೆಗೆ ಬಿಟ್ಟರೆ ತಪ್ಪೇ?

ಸಂಪಾದಕರ ಉತ್ತರ: ತಪ್ಪೇ. ನಿಮ್ಮ ಮೇಲಿರುವ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿತ್ತು. ಆ ಕೆರೆ ತುಂಬಿದರೆ ನೀರು ಬರೋದು ನಿಮ್ಮ ವರ್ತೂರು ಕೆರೆಗೇ. ಅದಕ್ಕೆ ನಿಮ್ಮ ಪಾಲೂ ಸೇರುವುದು ಬೇಡ.

ನಿಮ್ಮ ಸಿಟ್ಟು ಮಾತ್ರ ನ್ಯಾಯವಾದದ್ದೇ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತದ ನೀರು ಬರೋಕೆ ಶುರುವಾಗಿದ್ದು 2024ರಲ್ಲಿ. ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ. 80 ಕೊಳಚೆಯಾಗಿ ಹೊರಗೆ ಹೋಗುತ್ತೆ ಅನ್ನೋದು ಎಂಜಿನಿಯರುಗಳ ಮಾಮೂಲಿ ಲೆಕ್ಕ. ಒಳಗೆ ಬಂದದ್ದು ಹೊರಗೆ ಹೋಗಲೇಬೇಕು, ಅಲ್ವಾ?

ನಿಮ್ಮದನ್ನೇ ಲೆಕ್ಕ ಹಾಕೋಣ. ಮನೆಗೆ ನಾಲ್ಕು ಜನ, ತಲೆಗೆ 135 ಲೀಟರ್ ನೀರು, ಅದರಲ್ಲಿ ಶೇ. 80 ಅಂದರೆ ನೂರು ಮನೆಯಿಂದ ದಿನಕ್ಕೆ ಸುಮಾರು 43,000 ಲೀಟರ್ ಕೊಳಚೆ. ಐದು ಸಾವಿರ ಲೀಟರಿನ ಸಕ್ಕಿಂಗ್ ಲಾರಿ ದಿನಾ ಒಂಬತ್ತು ಸಲ ಬರಬೇಕು. ಆ ದುಡ್ಡು ಯಾರು ಕೊಡ್ತಾರೆ? ಲಾರಿ ಎಲ್ಲಿ ಸುರಿಯುತ್ತೆ ಅನ್ನೋದು ಇನ್ನೊಂದು ಕಥೆ.

ನನಗೆ ದಾರಿ ಕಾಣೋದು ಆ ಹಳೇ ಲೈನಿನಲ್ಲೇ. 'ಜಾಗವಿಲ್ಲ' ಅಂದವರನ್ನು ಎಷ್ಟು ಗಂಟೆಗೆ ಜಾಗವಿಲ್ಲ ಅಂತ ಕೇಳಿ. ಸಣ್ಣ ಬಡಾವಣೆಗಳಲ್ಲಿ ಜೋರು ಹೊತ್ತಿನ ಹರಿವು ಸರಾಸರಿಯ ಮೂರು ಪಟ್ಟು ಅಂತ ಹಿಡಿದೇ ಪೈಪು ಹಾಕುತ್ತಾರೆ. ಎಲ್ಲರೂ ಸ್ನಾನ ಮಾಡುವ ಬೆಳಿಗ್ಗೆ ತುಂಬಿ ಹರಿಯುವ ಪೈಪು ನಡುರಾತ್ರಿ ಮುಕ್ಕಾಲು ಖಾಲಿ ಇರಬಹುದು. ಒಂದು ದಿನದ ಕೊಳಚೆ ಹಿಡಿಯುವ ಮುಚ್ಚಿದ ತೊಟ್ಟಿ ಕಟ್ಟಿ, ರಾತ್ರಿ ಮಾತ್ರ ನಿಧಾನವಾಗಿ ಪಂಪ್ ಮಾಡಿ. ಜಲಮಂಡಳಿಯ ಒಪ್ಪಿಗೆ ಲಿಖಿತವಾಗಿ ಬೇಕು. ಪಂಪಿನ ಹೊತ್ತು, ಹೊಸ ಲೈನ್ ಬಂದ ದಿನ ಇದನ್ನು ಕಿತ್ತು ಹಾಕುತ್ತೇವೆ ಅನ್ನುವ ಮಾತು ಎರಡೂ ಅದರಲ್ಲಿರಲಿ. ಇಲ್ಲದಿದ್ದರೆ ನಮ್ಮೂರಲ್ಲಿ 'ಟೆಂಪರರಿ' ಅನ್ನೋದಕ್ಕೆ ಆಯಸ್ಸು ಜಾಸ್ತಿ!

ಆ ಲೈನಿನ ಜಾಗ ತಿನ್ನುವ ಇನ್ನೊಂದು ಕಳ್ಳ ತಾರಸಿ ನೀರು. 30-40 ಸೈಟಿನ ತಾರಸಿ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5,500 ಲೀಟರ್. ಒಂದು ಮನೆಯ ಹನ್ನೆರಡು-ಹದಿಮೂರು ದಿನದ ಕೊಳಚೆಯಷ್ಟು! ಎಷ್ಟೋ ಮನೆಯವರು ಸುಮ್ನೆ ಅದನ್ನು ಕೊಳಚೆ ಲೈನಿನ ಚೇಂಬರಿಗೇ ಇಳಿಸಿರುತ್ತಾರೆ. ಪಕ್ಕದ ರಸ್ತೆಯವರ ಜೊತೆ ಮಾತಾಡಿ ಅವನ್ನು ಬಿಡಿಸಿದರೆ ಮಳೆಗಾಲದಲ್ಲೂ ನಿಮಗೆ ಜಾಗ ಉಳಿಯುತ್ತೆ.

ತೊಟ್ಟಿಯಲ್ಲಿ ನಿಂತ ಕೊಳಚೆ ಬೇಗ ಕೊಳೆತು ವಿಷಗಾಳಿ ಬಿಡುತ್ತೆ. ಗಾಳಿ ಊದುವ ಬ್ಲೋವರ್ ಹಾಕಿಸಿ. ಕರೆಂಟ್ ಹೋದರೆ ಜನರೇಟರ್ ಬೇಕು, ಎರಡನೇ ಪಂಪೂ ಬೇಕು. ಕೆಟ್ಟುನಿಂತರೂ ಯಾರನ್ನೂ ಒಳಗೆ ಇಳಿಸಬೇಡಿ. ರಕ್ಷಣಾ ಸಾಧನವಿಲ್ಲದೆ ಹಾಗೆ ಇಳಿಸೋದನ್ನು 2013ರ ಕಾನೂನು ನಿಷೇಧಿಸಿದೆ, ಜೀವವೂ ಹೋಗುತ್ತೆ. ಮೇಲಿನಿಂದಲೇ ಎತ್ತಲು ಬರುವ ಪಂಪು ಕೇಳಿ ತರಿಸಿ.

ನೀವು ಕಳಿಸಿದ ನಕ್ಷೆಯಲ್ಲಿ ಖಾಲಿ ಸೈಟು ಬೋರ್‌ವೆಲ್ ಪಕ್ಕದಲ್ಲೇ ಇದೆ. ತೊಟ್ಟಿಗೆ ಅದು ಬೇಡ. ಕೆಳಗಿನ ಗೇಟಿನ ಹತ್ತಿರದ ಜಾಗ ನೋಡಿ.